ರಿಪೇರಿಯೂ ಆಗದ, ಗುಜರಿಗೂ ಬೇಡದ ಸಾಮಾನು ಎಲ್ಲಿಗೆ ಹೋಗಬೇಕು? ನಮ್ಮ ಪೌರಾಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಪೌರಾಯುಕ್ತರು, ಅಧ್ಯಕ್ಷರು ಹಾಗೂ ಸದಸ್ಯರು,
ನಗರಸಭೆ

ವಿಷಯ: ಮನೆಗಳ ಹಳೇ ಎಲೆಕ್ಟ್ರಾನಿಕ್ ಸಾಮಾನು ಸಂಗ್ರಹಕ್ಕೆ ಊರಿನಲ್ಲಿ ಕಾಯಂ ವ್ಯವಸ್ಥೆ ಮಾಡುವ ಬಗ್ಗೆ

ಮಾನ್ಯರೇ,

ನಾನು ಸಂತೆ ಮೈದಾನದ ಹತ್ತಿರ ಟಿವಿ, ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು. ವಾಲ್ವ್ ರೇಡಿಯೋಗಳ ಕಾಲ ಮುಗಿಯುತ್ತಾ ಬಂದಾಗ ಈ ಕೆಲಸ ಕಲಿತೆ. ಆಮೇಲೆ ಕಪ್ಪು ಬಿಳುಪು ಟಿವಿ ಬಂತು, ಕಲರ್ ಟಿವಿ ಬಂತು, ಈಗ ಎಲ್‌ಇಡಿ ಟಿವಿ, ಸೆಟ್‌ಟಾಪ್ ಬಾಕ್ಸ್, ಇಂಡಕ್ಷನ್ ಒಲೆ, ವೈಫೈ ಡಬ್ಬಿ ಎಲ್ಲವೂ ನನ್ನ ಮೇಜಿನ ಮೇಲೆ ಬರುತ್ತವೆ. ರಿಪೇರಿ ಆಗುವ ಸಾಮಾನಾದರೆ ಹೇಗೋ ಮಾಡಿ ಕೊಡುತ್ತೇನೆ. ಆಗದ ಸಾಮಾನಿಗೆ ಮಾತ್ರ ನಮ್ಮೂರಿನಲ್ಲಿ ಜಾಗವೇ ಇಲ್ಲ. ಈ ಬಗ್ಗೆ ತಮ್ಮ ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಟಪಾಲಿನಲ್ಲಿ ಸೀಲ್ ಬಿತ್ತು, ಉತ್ತರ ಬರಲಿಲ್ಲ. ತಾವು ಹೊಸದಾಗಿ ಬಂದಿದ್ದೀರಿ, ಹಳೇ ಫೈಲು ತಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಅದಕ್ಕೇ ಊರಿನವರಿಗೂ ಗೊತ್ತಾಗಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮದು ಮಲೆನಾಡಿನ ಸೆರಗಿನ ಊರು. ಭರಣಿ, ಕೃತ್ತಿಕೆ ಮಳೆಯ ಸಿಡಿಲಿಗೆ ಪ್ರತಿ ವರ್ಷ ನೂರಾರು ಮನೆಗಳಲ್ಲಿ ಏನಾದರೊಂದು ಸುಡುತ್ತದೆ. ಆ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೋರ್ಡಿನಲ್ಲಿ ಒಂದು ಕೆಪಾಸಿಟರ್ ಹೋಗಿದ್ದರೆ ಬದಲಾಯಿಸಿದರೆ ಆಯಿತು, ಅದೇ ಟಿವಿ ಇನ್ನೂ ಎಷ್ಟೋ ವರ್ಷ ಬರುತ್ತದೆ. ಆದರೆ ಮುಖ್ಯ ಐಸಿ ಸುಟ್ಟಿದ್ದರೆ, ಪ್ಯಾನೆಲ್ ಹೋಗಿದ್ದರೆ, ಬಿಡಿಭಾಗ ಬರುವುದೇ ನಿಂತಿದ್ದರೆ ಕೈ ಚೆಲ್ಲಬೇಕಾಗುತ್ತದೆ. 'ಇಲ್ಲೇ ಇಟ್ಕೊಳ್ಳಿ ಯಜಮಾನ್ರೇ, ನಾವೇನ್ಮಾಡೋಣ ಇದನ್ನ' ಅಂತ ಜನ ಬಿಟ್ಟು ಹೋಗುತ್ತಾರೆ. ತೆಗೆದುಕೊಂಡು ಹೋದವರ ಮನೆಯಲ್ಲಿ ಅದು ಅಟ್ಟ ಸೇರುತ್ತದೆ.

ಅಟ್ಟದಲ್ಲಿ ಇರುವಷ್ಟು ದಿನ ಅದರಿಂದ ಯಾರಿಗೂ ತೊಂದರೆ ಇಲ್ಲ. ಮನೆ ರಿಪೇರಿ, ಮದುವೆ, ದಸರಾ ಅಂತ ಅಟ್ಟ ಖಾಲಿ ಮಾಡುವ ದಿನ ತೊಂದರೆ ಶುರು. ಕಸದ ಗಾಡಿಗೆ ಹಾಕಲು ಹೋದರೆ ಗಾಡಿಯ ಹೆಣ್ಣುಮಗಳು 'ಇದನ್ನ ಹಾಕಬೇಡಿ, ಘಟಕದಲ್ಲಿ ಇಳಿಸ್ಕೊಳ್ಳಲ್ಲ, ನಮಗೇ ಬೈತಾರೆ' ಅನ್ನುತ್ತಾಳೆ. ಅವಳು ಹೇಳುವುದು ಸರಿಯೇ. ಗುಜರಿ ಅಂಗಡಿಯವರು ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ ಮೋಟಾರು ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಪಿಕ್ಚರ್ ಟ್ಯೂಬಿನ ಹಳೇ ಡಬ್ಬಾ ಟಿವಿ ಅಂದರೆ ದೂರದಿಂದಲೇ ಕೈ ಆಡಿಸುತ್ತಾರೆ. ಒಂದು ಕಾಲದಲ್ಲಿ ಹಳೇ ಪಿಕ್ಚರ್ ಟ್ಯೂಬಿಗೆ ಹೊಸ ಗನ್, ಅಂದರೆ ಎಲೆಕ್ಟ್ರಾನ್ ಚಿಮ್ಮಿಸುವ ಭಾಗ, ಕೂರಿಸಿ ಮತ್ತೆ ಮಾರುತ್ತಿದ್ದರು, ಆಗ ಅದಕ್ಕೆ ಬೆಲೆ ಇತ್ತು. ಈಗ ಅದು ಯಾರಿಗೂ ಬೇಡ. ಹಾಗಾಗಿ ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಕೆರೆ ಏರಿಯ ಪಕ್ಕದ ಖಾಲಿ ಸೈಟಿನಲ್ಲಿ ಇಟ್ಟು ಬರುತ್ತಾರೆ.

ಬೆಳಿಗ್ಗೆ ಅಲ್ಲಿ ಏನಾಗಿರುತ್ತದೆ ಅಂತ ತಾವು ಒಮ್ಮೆ ಬಂದು ನೋಡಬೇಕು. ಟಿವಿಯ ಹಿಂದಿನ ಕವರ್ ಕಿತ್ತಿರುತ್ತದೆ. ಬೋರ್ಡು ಇರುವುದಿಲ್ಲ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ್ದ ತಾಮ್ರದ ಸುರುಳಿ, ಅದಕ್ಕೆ ನಾವು ಯೋಕ್ ಅನ್ನುತ್ತೇವೆ, ಅದೂ ಇರುವುದಿಲ್ಲ. ಸ್ಕ್ರೂ ಬಿಚ್ಚಿ ತೆಗೆಯುವ ವ್ಯವಧಾನ ಯಾರಿಗಿದೆ? ಕಲ್ಲಿನಿಂದ ಕುತ್ತಿಗೆಗೇ ಹೊಡೆಯುತ್ತಾರೆ. ಟ್ಯೂಬಿನೊಳಗೆ ಗಾಳಿ ಇಲ್ಲದ ಕಾರಣ ಹೊರಗಿನ ಗಾಳಿ ಒಮ್ಮೆಗೇ ನುಗ್ಗಿ ಗಾಜು ಚೂರು ಚೂರಾಗುತ್ತದೆ. ದಪ್ಪ ಗಾಜಿನ ಚೂರು, ಒಳಮೈಗೆ ಅಂಟಿದ್ದ ಬೂದಿ ಬಣ್ಣದ ಪುಡಿ, ಎಲ್ಲ ಅಲ್ಲೇ ಚೆಲ್ಲಿರುತ್ತದೆ. ದನ ಅದರ ಮೇಲೇ ಓಡಾಡುತ್ತವೆ. ಭಾನುವಾರ ಹುಡುಗರು ಅದೇ ಸೈಟಿನಲ್ಲಿ ಕ್ರಿಕೆಟ್ ಆಡುತ್ತಾರೆ.

ಆ ಗಾಜು ಬಾಟಲಿಯ ಗಾಜಿನಂಥದ್ದಲ್ಲ ಸ್ವಾಮಿ. ಪಿಕ್ಚರ್ ಟ್ಯೂಬ್ ಒಳಗೆ ಹುಟ್ಟುವ ಎಕ್ಸ್-ರೇ ಹೊರಗೆ ಬರಬಾರದು ಅಂತ ಅದರ ಹಿಂಭಾಗದ ಗಾಜಿಗೆ ಸೀಸ ಬೆರೆಸಿರುತ್ತಾರೆ. ಕಲರ್ ಟಿವಿಯಲ್ಲಿ ಆ ಭಾಗದ ಗಾಜಿನ ತೂಕದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಜಾಸ್ತಿ ಪಾಲು ಸೀಸದ ಆಕ್ಸೈಡೇ ಇರುತ್ತದೆ. ಟಿವಿ ಮನೆಯಲ್ಲಿ ಇರುವವರೆಗೆ ಆ ಸೀಸ ನಮ್ಮನ್ನು ಕಾಯುತ್ತದೆ. ಚೂರಾಗಿ ಮಣ್ಣಿಗೆ ಬಿದ್ದ ಮೇಲೆ ಮಳೆ ನೀರಿನ ಜೊತೆ ಕರಗುತ್ತಾ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ, ಒಳಗೆ ಹೋದದ್ದು ಮೂಳೆಯಲ್ಲಿ ಕೂತುಬಿಡುತ್ತದೆ. ನಮ್ಮ ಖಾಲಿ ಸೈಟಿನಿಂದ ಕೆರೆ ಎಷ್ಟು ದೂರ ಅಂತ ತಮಗೆ ಗೊತ್ತೇ ಇದೆ. ಕೆರೆಯ ಕೆಳಗೆ ಗದ್ದೆಗಳಿವೆ.

ಸಂಜೆ ಹೊತ್ತು ಹಳೇ ಬಸ್ ಡಿಪೋ ಹಿಂದೆ ಕಪ್ಪು ಹೊಗೆ ಏಳುವುದನ್ನು ಆ ಬೀದಿಯವರೆಲ್ಲ ನೋಡಿದ್ದಾರೆ. ಅದು ವೈರ್ ಸುಡುವ ಹೊಗೆ. ಮೇಲಿನ ಪ್ಲಾಸ್ಟಿಕ್ ಸುಟ್ಟರೆ ಒಳಗಿನ ತಾಮ್ರ ಸಿಗುತ್ತದೆ. ವೈರಿನ ಮೇಲಿರುವುದು ಪಿವಿಸಿ, ಅದನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಅನ್ನುವ ಕಡು ವಿಷ ಹುಟ್ಟುತ್ತದೆ. ಸುಡುವ ಹುಡುಗರು ಹೊಗೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ತಿರುವಿ ಹಾಕುತ್ತಿರುತ್ತಾರೆ. ನನಗೆ ಅವರನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಷ್ಟು ಮಾಡಿಯೂ ಅವರಿಗೆ ಪೂರ್ತಿ ರೇಟು ಸಿಗುವುದಿಲ್ಲ. ಸುಟ್ಟು ಕಪ್ಪಾದ ತಾಮ್ರಕ್ಕಿಂತ ಸುಲಿದು ಫಳಫಳ ಹೊಳೆಯುವ ತಾಮ್ರಕ್ಕೇ ಮಾರ್ಕೆಟ್ಟಿನಲ್ಲಿ ಬೆಲೆ ಜಾಸ್ತಿ. ಕೈಯಲ್ಲಿ ತಿರುಗಿಸಿ ವೈರ್ ಸುಲಿಯುವ ಸಣ್ಣ ಮಷೀನು ಸಿಗುತ್ತದೆ. ಅದನ್ನು ಅವರಿಗೆ ಕೊಡಿಸುವವರು ಇಲ್ಲ.

ಫ್ರಿಜ್ಜಿನ ಕಥೆಯೂ ಹೀಗೇ. ಕಂಪ್ರೆಸರ್ ಬಿಚ್ಚಲು ಪೈಪು ಕತ್ತರಿಸಿದರೆ ಗ್ಯಾಸು ಗಾಳಿ ಪಾಲು. ಬಹಳ ಹಳೇ ಫ್ರಿಜ್ಜಿನ ಗ್ಯಾಸು ಓಜೋನ್ ಪದರವನ್ನು ತಿನ್ನುತ್ತದೆ. ಆಮೇಲೆ ಬಂದ 134ಎ ಗ್ಯಾಸು ಓಜೋನ್‌ಗೆ ಏನೂ ಮಾಡುವುದಿಲ್ಲ, ಆದರೆ ಭೂಮಿಯ ಬಿಸಿ ಏರಿಸುವುದರಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ ಸಾವಿರದ ಮುನ್ನೂರು ಕಿಲೋಗೆ ಸಮ.

ದೊಡ್ಡ ಸಾಮಾನಾದರೂ ಕಣ್ಣಿಗೆ ಕಾಣುತ್ತದೆ. ಸಣ್ಣವು ಕಾಣದೇ ಒಣ ಕಸದ ಚೀಲ ಸೇರುತ್ತವೆ. ಟ್ಯೂಬ್‌ಲೈಟು, ಸಿಎಫ್‌ಎಲ್, ರಿಮೋಟು, ಮಕ್ಕಳ ಆಟಿಕೆಯ ಸೆಲ್ಲು, ಉಬ್ಬಿದ ಮೊಬೈಲ್ ಬ್ಯಾಟರಿ. ಟ್ಯೂಬ್‌ಲೈಟಿನಲ್ಲೂ ಸಿಎಫ್‌ಎಲ್‌ನಲ್ಲೂ ಪಾದರಸ ಇದೆ, ಕೆಲವೇ ಮಿಲಿಗ್ರಾಂ ಇರಬಹುದು, ಆದರೆ ಒಡೆದರೆ ಅದು ಆವಿಯಾಗಿ ಹತ್ತಿರ ಇದ್ದವರ ಮೂಗಿಗೇ ಹೋಗುತ್ತದೆ. ಹತ್ತಿರ ಇರುವವರು ಪೌರಕಾರ್ಮಿಕರು. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಒತ್ತಿಕೊಂಡು ತೂತಾದರೆ ತಾನೇ ಹೊತ್ತಿಕೊಳ್ಳುತ್ತದೆ. ಒಣ ಕಸದ ನಡುವೆ ಹೊತ್ತಿದರೆ ಆರಿಸುವುದು ಎಷ್ಟು ಕಷ್ಟ ಅಂತ ಅಗ್ನಿಶಾಮಕ ದಳದವರನ್ನು ಕೇಳಿ.

ಈಗ ನಿಯಮದ ಮಾತಿಗೆ ಬರುತ್ತೇನೆ. ಈ ಕೆಲಸ ಯಾರದು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಇಂಥ ಹಳೇ ಎಲೆಕ್ಟ್ರಾನಿಕ್ ಸಾಮಾನಿಗೆ, ಅಂದರೆ ಇ-ತ್ಯಾಜ್ಯಕ್ಕೆ, ನಮ್ಮ ದೇಶದಲ್ಲಿ 2012ರಿಂದಲೇ ಪ್ರತ್ಯೇಕ ನಿಯಮ ಜಾರಿಯಲ್ಲಿದೆ. 2016ರಲ್ಲಿ ಅದು ಬದಲಾಯಿತು. ಈಗ ನಡೆಯುತ್ತಿರುವುದು 2022ರ ನಿಯಮಗಳು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಫ್ರಿಜ್, ಟಿವಿ, ಮೊಬೈಲಿನಿಂದ ಹಿಡಿದು ಇಸ್ತ್ರಿ ಪೆಟ್ಟಿಗೆಯವರೆಗೆ 106 ಬಗೆಯ ಸಾಮಾನು ಅದರ ಪಟ್ಟಿಯಲ್ಲಿವೆ. ತಯಾರಕ ಕಂಪನಿಗಳ ಮೇಲೆ ದೊಡ್ಡ ಹೊಣೆ ಇದೆ, ನಿಜ. ಆದರೆ ಅದರ ಐದನೇ ಅನುಸೂಚಿ ತೆರೆದು ನೋಡಿ. ನಗರ ಸ್ಥಳೀಯ ಸಂಸ್ಥೆಗಳ ಹೆಸರು ಹೇಳಿಯೇ ಬರೆದಿದ್ದಾರೆ. ಊರಿನ ಕಸದಲ್ಲಿ ಇ-ತ್ಯಾಜ್ಯ ಬೆರೆತು ಬಂದರೆ ಬೇರ್ಪಡಿಸಿ ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸಬೇಕು. ವಾರಸುದಾರರಿಲ್ಲದ ಸಾಮಾನನ್ನೂ ಸಂಗ್ರಹಿಸಿ ಕಳಿಸಬೇಕು. ಸಂಗ್ರಹಕ್ಕೆ ವ್ಯವಸ್ಥೆ ಆಗುವಂತೆ ನೋಡಿಕೊಳ್ಳಬೇಕು.

ವಾರಸುದಾರರಿಲ್ಲದ್ದು ಅಂದರೆ ಕಂಪನಿ ಮುಚ್ಚಿಹೋದದ್ದು, ಇಲ್ಲವೇ ಬ್ರ್ಯಾಂಡೇ ಇಲ್ಲದ್ದು. ನಮ್ಮಂಥ ಊರುಗಳಲ್ಲಿ ಇಂಥದ್ದೇ ಜಾಸ್ತಿ. ಡಯಾನೋರಾ, ಸಾಲಿಡೇರ್ ಅಂದರೆ ಈಗಿನ ಹುಡುಗರಿಗೆ ಗೊತ್ತೇ ಆಗುವುದಿಲ್ಲ. ಇನ್ನು ಅಂಗಡಿಯಲ್ಲೇ ಬಿಡಿಭಾಗ ಜೋಡಿಸಿ ಮಾರುತ್ತಿದ್ದ ಅಸೆಂಬಲ್ಡ್ ಟಿವಿ, ಸ್ಟೆಬಿಲೈಸರ್, ಆಂಪ್ಲಿಫೈಯರ್‌ಗಳಿಗೆ ಯಾವ ಕಂಪನಿಯನ್ನು ಹುಡುಕುವುದು? ಅದಕ್ಕೇ ಆ ಜವಾಬ್ದಾರಿಯನ್ನು ಸ್ಥಳೀಯ ಸಂಸ್ಥೆಗೆ ವಹಿಸಿದ್ದಾರೆ. ಮನೆಯ ಅಪಾಯಕಾರಿ ಕಸಕ್ಕೆ, ಅಂದರೆ ಸಿಎಫ್‌ಎಲ್, ಟ್ಯೂಬ್‌ಲೈಟು, ಬ್ಯಾಟರಿಗಳಿಗೆ 20 ಚದರ ಕಿಲೋಮೀಟರಿಗೊಂದು ಕೇಂದ್ರ ಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು. ಆ ಲೆಕ್ಕಕ್ಕೆ ನಮ್ಮೂರಿಗೆ ಒಂದಾದರೂ ಇರಬೇಕಿತ್ತು ಅಲ್ವಾ?

ಈ ವಿಷಯ ಎತ್ತಿದಾಗಲೆಲ್ಲ 'ಜನರಲ್ಲಿ ಜಾಗೃತಿ ಇಲ್ಲ' ಅನ್ನುವ ಉತ್ತರ ಸಿಗುತ್ತದೆ. ಜಾಥಾ ನಡೆಯಿತು, ಬ್ಯಾನರ್ ಕಟ್ಟಿದರು, ಶಾಲಾ ಮಕ್ಕಳು ಬಿಸಿಲಿನಲ್ಲಿ ಘೋಷಣೆ ಕೂಗಿದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಜನ ಕೆಟ್ಟ ಟಿವಿಯನ್ನು ವರ್ಷಗಟ್ಟಲೆ ಅಟ್ಟದಲ್ಲಿ ಯಾಕೆ ಇಟ್ಟುಕೊಳ್ಳುತ್ತಾರೆ? ಎಸೆಯಬಾರದು ಅನ್ನುವುದು ಅವರಿಗೆ ಗೊತ್ತಿದೆ, ಕೊಡುವುದು ಎಲ್ಲಿ ಅನ್ನುವುದು ಗೊತ್ತಿಲ್ಲ. ಅಂಗಡಿಗೆ ಬರುವ ವಯಸ್ಸಾದ ಹೆಂಗಸರು ಕೆಟ್ಟ ಸೆಲ್ಲುಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ತಂದು 'ಇದನ್ನ ಎಲ್ಲಿ ಹಾಕ್ಬೇಕಪ್ಪಾ' ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಆ ಡಬ್ಬಿಗಳು ನನ್ನ ಅಂಗಡಿಯ ಮೂಲೆಯಲ್ಲಿವೆ.

ದುಡ್ಡಿಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. ಕಂಪನಿಗಳು ತಾವು ಮಾರಿದ್ದರ ಲೆಕ್ಕಕ್ಕೆ ಸರಿಯಾಗಿ ಇಂತಿಷ್ಟು ಹಳೇ ಸಾಮಾನು ಮರುಬಳಕೆ ಮಾಡಿಸಲೇಬೇಕು. ಮೊದಲ ಎರಡು ವರ್ಷಕ್ಕೆ ಶೇ 60, 2025-26ರಿಂದ ಶೇ 70, 2027-28ರಿಂದ ಶೇ 80. ಅದಕ್ಕಾಗಿ ಅವರು ಮರುಬಳಕೆ ಘಟಕಗಳಿಂದ, ಇಷ್ಟು ಮರುಬಳಕೆ ಆಯಿತು ಅನ್ನುವ ಪ್ರಮಾಣಪತ್ರ ಕೊಳ್ಳಬೇಕು. ಮನೆಬಳಕೆಯ ಎಲೆಕ್ಟ್ರಾನಿಕ್ ಸಾಮಾನಿಗೆ ಕಂಪನಿಗಳು ಘಟಕಗಳಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕು ಅಂತ ಕೇಂದ್ರ ಸರ್ಕಾರ 2024ರಲ್ಲಿ ದರ ಗೊತ್ತು ಮಾಡಿತು. ಕೆಲವು ದೊಡ್ಡ ಕಂಪನಿಗಳು ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದವು. ಅದೇನೇ ಇರಲಿ, ಈ ವ್ಯವಸ್ಥೆಯಲ್ಲಿ ದುಡ್ಡು ಓಡಾಡುತ್ತಿದೆ. ಅದರಲ್ಲಿ ಒಂದು ಪೈಸೆಯೂ ನಮ್ಮ ಬೀದಿಗೆ ಬಂದಿಲ್ಲ. ಇನ್ನೊಂದು ವಿಷಯ ತಮ್ಮ ಗಮನದಲ್ಲಿರಲಿ. ಆ ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ಲೆಕ್ಕದಲ್ಲಿ. ಸೀಸದ ಗಾಜಿಗೆ ಅಲ್ಲೂ ಬೆಲೆ ಇಲ್ಲ. ಹಾಗಾಗಿ ಡಬ್ಬಾ ಟಿವಿಯನ್ನು ಯಾರೋ ಬಂದು ಖುಷಿಯಿಂದ ಒಯ್ಯುತ್ತಾರೆ ಅಂತ ಕಾಯುತ್ತಾ ಕೂತರೆ ಆಗುವುದಿಲ್ಲ. ಬೆಲೆ ಇರುವ ಸಾಮಾನು ಬೇಕಿದ್ದರೆ ಬೆಲೆ ಇಲ್ಲದ್ದನ್ನೂ ಒಯ್ಯಬೇಕು ಅನ್ನುವ ಷರತ್ತು ಹಾಕಿ ನಗರಸಭೆಯೇ ಒಪ್ಪಂದ ಮಾಡಿಕೊಳ್ಳಬೇಕು.

ಬೆಲೆ ಇರುವ ಸಾಮಾನು ಅಂದರೆ ಸಾಮಾನ್ಯದ್ದಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೇ ಮೊಬೈಲ್ ಬೋರ್ಡಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಸರಿಯಾದ ಘಟಕದಲ್ಲಾದರೆ ಅದನ್ನು ಸುರಕ್ಷಿತವಾಗಿ ತೆಗೆಯುತ್ತಾರೆ. ಕಳ್ಳದಾರಿಯಲ್ಲಿ ಹೋದರೆ ಯಾವುದೋ ಶೆಡ್ಡಿನಲ್ಲಿ ಬರಿಗೈಯಲ್ಲಿ ಆಸಿಡ್‌ಗೆ ಅದ್ದುತ್ತಾರೆ, ಉಳಿದ ಆಸಿಡ್ ಚರಂಡಿಗೆ ಸುರಿಯುತ್ತಾರೆ.

ಘಟಕಗಳು ನಮ್ಮ ರಾಜ್ಯದಲ್ಲೇ ಇವೆ. ದೇಶದಲ್ಲಿ ಅಧಿಕೃತವಾಗಿ ಶುರುವಾದ ಮೊದಮೊದಲ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದು ದಾಬಸ್‌ಪೇಟೆಯಲ್ಲಿದೆ. ಆದರೆ ಹೆಚ್ಚಿನವು ಬೆಂಗಳೂರಿನ ಸುತ್ತಮುತ್ತ. ಒಂದು ಟಿವಿಗೆ, ಒಂದು ಚೀಲ ಬಲ್ಬಿಗೆ ಅಲ್ಲಿಂದ ಲಾರಿ ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ನ್ಯಾಯವಲ್ಲ. ಒಂದು ಲೋಡು ಆಗುವಷ್ಟು ಸೇರಿದರೆ ಬರುತ್ತಾರೆ. ಆ ಲೋಡು ಸೇರುವವರೆಗೆ ಸಾಮಾನು ಒಡೆಯದೆ, ನೆನೆಯದೆ ಇರಲು ಒಂದು ಜಾಗ ಬೇಕು. ನಾವು ಕೇಳುತ್ತಿರುವುದು ಮುಖ್ಯವಾಗಿ ಅದನ್ನೇ.

ಒಣ ಕಸ ಸಂಗ್ರಹ ಕೇಂದ್ರದಲ್ಲಿ ಒಂದು ಕೋಣೆ ಬಿಟ್ಟುಕೊಡಿ. ಮೇಲೆ ಶೀಟು, ಕೆಳಗೆ ಸಿಮೆಂಟ್ ನೆಲ, ಬೀಗ ಹಾಕುವ ಬಾಗಿಲು ಇದ್ದರೆ ಸಾಕು. ಬ್ಯಾಟರಿಗೆ ಬೇರೆ ಡ್ರಮ್ಮು, ಒಳಗೆ ಒಣ ಮರಳು. ಟ್ಯೂಬ್‌ಲೈಟು ಉದ್ದಕ್ಕೆ ನಿಲ್ಲಿಸುವ ಪೆಟ್ಟಿಗೆ. ತಿಂಗಳಲ್ಲಿ ಒಂದು ಭಾನುವಾರ ಅಲ್ಲಿ ಸಾಮಾನು ತೆಗೆದುಕೊಳ್ಳಿ. ಯುಗಾದಿಗೆ ಮುಂಚೆ, ಆಯುಧ ಪೂಜೆಗೆ ಮುಂಚೆ ಮನೆಮನೆ ಸ್ವಚ್ಛ ಮಾಡುವ ವಾರದಲ್ಲಿ ವಾರ್ಡು ವಾರ್ಡಿಗೂ ಒಂದು ಗಾಡಿ ಬರಲಿ. ಕಸದ ಗಾಡಿಯ ಮೈಕಿನಲ್ಲಿ ದಿನಾ ಹಾಡು ಬರುತ್ತದಲ್ಲ, ಅದರಲ್ಲೇ ಯಾವತ್ತು ಬರುತ್ತದೆ ಅಂತ ಹೇಳಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಲೋಡು ತುಂಬುವುದು ತಡವಾಗುವುದಾದರೆ ಪಕ್ಕದ ಪುರಸಭೆ, ಸುತ್ತಲಿನ ಗ್ರಾಮ ಪಂಚಾಯಿತಿಗಳ ಸಾಮಾನೂ ಇಲ್ಲಿಗೇ ಬರಲಿ. ಜಿಲ್ಲಾಧಿಕಾರಿಗಳ ಸಭೆಯಲ್ಲಿ ತಾವು ಈ ಮಾತು ಎತ್ತಿದರೆ ಅದು ಆಗದ ಕೆಲಸವೇನಲ್ಲ.

ಕೊಟ್ಟವರಿಗೆ ಒಂದು ಚೀಟಿ ಕೊಡಿ. ಲಾರಿ ಹೋದ ಮೇಲೆ ಎಷ್ಟು ತೂಕ ಹೋಯಿತು, ಯಾವ ಘಟಕಕ್ಕೆ ಹೋಯಿತು ಅಂತ ನಗರಸಭೆಯ ನೋಟಿಸ್ ಬೋರ್ಡಿನಲ್ಲಿ ಹಾಕಿ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಂದೇ ಮಾಡುತ್ತಾರೆ ಅನ್ನುವ ಅನುಮಾನ ಊರಿನಲ್ಲಿ ಈಗಾಗಲೇ ಇದೆ. ಇದರಲ್ಲೂ ಹಾಗಾಯಿತು ಅಂದರೆ ಜನ ಎರಡನೇ ಸಲ ತಂದುಕೊಡುವುದಿಲ್ಲ.

ಗುಜರಿಯವರ ವಿಷಯದಲ್ಲಿ ತಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ದಯವಿಟ್ಟು ಇದನ್ನು ಅವರ ಮೇಲೆ ದಾಳಿ ಮಾಡುವ ಕಾರ್ಯಕ್ರಮ ಮಾಡಬೇಡಿ. ಈ ಊರಿನ ಎಷ್ಟೋ ಮನೆಗಳ ಕಬ್ಬಿಣ, ಪೇಪರು, ಪ್ಲಾಸ್ಟಿಕ್ಕು ಮಣ್ಣು ಸೇರದೇ ಉಳಿದಿರುವುದು ಅವರಿಂದಲೇ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆಯೇ ಗುರುತಿನ ಚೀಟಿ ಕೊಟ್ಟಿತು, ಹಲವು ಒಣ ಕಸ ಕೇಂದ್ರಗಳನ್ನು ಅವರೇ ನಡೆಸುತ್ತಿದ್ದಾರೆ. ಇಲ್ಲೂ ಅವರ ಹೆಸರು ಬರೆದುಕೊಳ್ಳಿ. ಟಿವಿ, ಬೋರ್ಡು, ಬ್ಯಾಟರಿ ಒಡೆಯದೆ ಇಡಿಯಾಗಿ ತಂದರೆ ಕಿಲೋಗೆ ಇಷ್ಟು ಅಂತ ಕೇಂದ್ರದಲ್ಲೇ ದುಡ್ಡು ಕೊಡಿ. ಒಡೆದರೆ ಸಿಗುವುದಕ್ಕಿಂತ ಇಡಿಯಾಗಿ ಕೊಟ್ಟರೆ ಸಿಗುವುದು ನಾಲ್ಕು ಕಾಸು ಜಾಸ್ತಿ ಇರಬೇಕು, ಆಗ ಕಲ್ಲು ಎತ್ತುವವರೇ ಇರುವುದಿಲ್ಲ. ಡಿಪೋ ಹಿಂದೆ ವೈರ್ ಸುಡುವ ಹುಡುಗರಿಗೆ ಸುಲಿಯುವ ಮಷೀನು, ಕೈಗವಸು ಕೊಡಿಸಿ. ಇಂಥ ಕೆಲಸಗಾರರನ್ನು ಗುರುತಿಸಿ ತರಬೇತಿ ಕೊಡಬೇಕು ಅಂತ ಅದೇ 2022ರ ನಿಯಮ ರಾಜ್ಯ ಸರ್ಕಾರಕ್ಕೆ ಹೇಳುತ್ತದೆ.

ಹೊಸ ಸಾಮಾನು ಮಾರುವ ಅಂಗಡಿಗಳನ್ನೂ ಬಿಡಬಾರದು. ದೀಪಾವಳಿ ಬಂದರೆ ಎಕ್ಸ್‌ಚೇಂಜ್ ಅಂತ ಹಳೇದನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರಿಲ್ಲ. ಉದ್ದಿಮೆ ಪರವಾನಗಿ ಕೊಡುವವರು ತಾವೇ. ನವೀಕರಣಕ್ಕೆ ಬಂದಾಗ ಹಳೇ ಸಾಮಾನು ಎಲ್ಲಿಗೆ ಕೊಟ್ಟಿರಿ, ರಸೀದಿ ತೋರಿಸಿ ಅಂತ ಒಂದು ಸಾಲು ಕೇಳಿದರೆ ಸಾಕು. ವಿದ್ಯುತ್ ಕಂಪನಿಯವರ ಜೊತೆಗೂ ಮಾತಾಡಿ. 2015ರಲ್ಲಿ ಉಜಾಲಾ ಯೋಜನೆ ಬಂದಾಗ ಎಲ್‌ಇಡಿ ಬಲ್ಬುಗಳನ್ನು ಅವರ ಕಚೇರಿಗಳಲ್ಲೇ ಕೌಂಟರ್ ಹಾಕಿ ಮಾರಿದ್ದರು. ಬಿಲ್ಲು ಕಟ್ಟಲು ಬರುವವರು ಕೆಟ್ಟ ಬಲ್ಬು, ಟ್ಯೂಬು ಹಾಕಿ ಹೋಗಲು ಅಲ್ಲೇ ಒಂದು ಪೆಟ್ಟಿಗೆ ಇಡಬಹುದು.

ನಗರಸಭೆಯಿಂದಲೇ ಇದು ಶುರುವಾದರೆ ಊರಿಗೆ ನಂಬಿಕೆ ಬರುತ್ತದೆ. ಸರ್ಕಾರಿ ಕಚೇರಿಗಳ ಹಳೇ ಕಂಪ್ಯೂಟರು, ಪ್ರಿಂಟರು, ಯುಪಿಎಸ್‌ಗಳನ್ನು ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ಕೊಡುವುದನ್ನು ನಾನೇ ನೋಡಿದ್ದೇನೆ. ಕೊಂಡವರು ಅವುಗಳನ್ನು ಏನು ಮಾಡುತ್ತಾರೆ ಅಂತ ಮೇಲೆ ಬರೆದಿದ್ದೇನೆ. ಅಂಥವನ್ನು ನೋಂದಾಯಿತರಿಗೆ ಮಾತ್ರ ಕೊಡಿ. ಬೀದಿದೀಪಕ್ಕೆ ಎಲ್‌ಇಡಿ ಹಾಕಿದಾಗ ಇಳಿಸಿದ ಸೋಡಿಯಂ ದೀಪಗಳು ನಗರಸಭೆಯ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತಿವೆ. ಅವುಗಳಲ್ಲೂ ಪಾದರಸ ಇದೆ. ಮೊದಲ ಲೋಡಿಗೆ ಅವೇ ಹೋಗಲಿ.

ನಮ್ಮ ಕಡೆಯಿಂದ ಏನು ಮಾಡಬಹುದು ಅಂತ ಊರಿನ ಮೆಕ್ಯಾನಿಕ್‌ಗಳು ಸೇರಿ ಮಾತಾಡಿದ್ದೇವೆ. ಆ ಭಾನುವಾರಗಳಲ್ಲಿ ಕೇಂದ್ರದಲ್ಲಿ ಕೂರುತ್ತೇವೆ. ಬಂದ ಸಾಮಾನಿನಲ್ಲಿ ರಿಪೇರಿ ಆಗುವುದನ್ನು ಬೇರೆ ಇಡುತ್ತೇವೆ, ಕೊಟ್ಟವರು ಒಪ್ಪಿದರೆ ಸರಿ ಮಾಡಿ ಅಂಗನವಾಡಿಗೋ ಹಾಸ್ಟೆಲ್‌ಗೋ ಕೊಡುತ್ತೇವೆ. ಐಟಿಐ ಹುಡುಗರು ಬಂದರೆ ಪಿಕ್ಚರ್ ಟ್ಯೂಬಿನ ಯೋಕ್ ಅನ್ನು ಗಾಜು ಒಡೆಯದೆ ಬಿಚ್ಚುವುದು ಹೇಗೆ ಅಂತ ಕಲಿಸುತ್ತೇವೆ. ಹಳೇ ಮೊಬೈಲು ಕೊಡುವವರಿಗೆ ಅದರೊಳಗಿನ ಫೋಟೋ, ನಂಬರುಗಳನ್ನು ಅವರ ಎದುರಿಗೇ ಅಳಿಸಿ ಕೊಡುತ್ತೇವೆ. ಎಷ್ಟೋ ಜನ ಮೊಬೈಲು ಕೊಡದೆ ಬೀರುವಿನಲ್ಲಿಟ್ಟುಕೊಂಡಿರುವುದು ಆ ಭಯಕ್ಕೇ.

ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಗೆ ಸೇರಿಸಿ, ಕೋಣೆ ಎಲ್ಲಿ, ಮೊದಲ ಭಾನುವಾರ ಯಾವತ್ತು ಅನ್ನುವುದನ್ನು ಅವತ್ತೇ ತೀರ್ಮಾನ ಮಾಡಬೇಕಾಗಿ ಕೋರುತ್ತೇನೆ. ಮಳೆಗಾಲ ಶುರುವಾಗುವ ಮುಂಚೆ ಕೆರೆ ಏರಿ ಪಕ್ಕದ ಸೈಟಿನಲ್ಲಿರುವ ಗಾಜಿನ ಚೂರುಗಳನ್ನು, ಕೈಗವಸು ಮಾಸ್ಕ್ ಕೊಟ್ಟು, ಎತ್ತಿಸಬೇಕು. ಅದೊಂದು ಕೆಲಸ ಸಭೆಗೆ ಕಾಯುವಂಥದ್ದಲ್ಲ.

ಇಂತಿ ತಮ್ಮ ವಿಶ್ವಾಸಿ,
ಸಂತೆ ಮೈದಾನದ ಟಿವಿ ಮೆಕ್ಯಾನಿಕ್